ಅಪ್ಪನ ವಾದ ನನ್ನ ಬಾಯಲ್ಲಿ

ಅಪ್ಪನ ಮೇಜಿನ ಖಾನೆ ಎಳೆದರೆ ಈಗಲೂ ಸ್ಟಾಂಪ್ ಪ್ಯಾಡಿನ ಶಾಯಿಯ ವಾಸನೆ. ಅವರು ಹೋಗಿ ತಿಂಗಳಾಯಿತು. ವಾಸನೆಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಮೇಜಿನ ಮೇಲೆ ಕೊಂಡಪಲ್ಲಿಯ ಮರದ ಬೊಂಬೆ, ಪೇಟ ಸುತ್ತಿದ ಮುದುಕ. ಬೆರಳು ತಾಗಿಸಿದರೆ ತಲೆಯಾಡಿಸುತ್ತಾನೆ. ಅಂಥದ್ದನ್ನು ನೀವೂ ಯಾರದೋ ಮನೆಯ ಶೋಕೇಸಿನಲ್ಲಿ ಕಂಡಿರುತ್ತೀರಿ. ಖಾನೆಯೊಳಗೆ ನಾಲ್ಕು ಮಡಿಕೆಯ ಒಂದು ಕಾಗದ ಸಿಕ್ಕಿತು. ಕಾಲೇಜಿನ ಅರ್ಜಿ. ಅದರಲ್ಲಿ ನನ್ನ ಹೆಸರು ಬಿಟ್ಟರೆ ಏನೂ ತುಂಬಿಲ್ಲ.

ಅಪ್ಪ ಧಾರವಾಡದವರು, ಬ್ಯಾಂಕಿನ ಅಧಿಕಾರಿ. ಎಂಬತ್ತರ ದಶಕದ ಕೊನೆಗೆ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದರು. ಎರಡು ವರ್ಷದ ಮೇಲೆ ನಾನು ಅಲ್ಲೇ ಬಿ.ಎ.ಗೆ ಸೇರಿ ತತ್ವಶಾಸ್ತ್ರ ತೆಗೆದುಕೊಂಡೆ. ಯಾಕೆಂದು ಕೇಳಿದರೆ ಘನವಾದ ಉತ್ತರವಿಲ್ಲ. ಆ ವಿಭಾಗದ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ರುಚಿ ಹತ್ತಿದ್ದು ಆಮೇಲೆ. ಕೆಲವೇ ತಿಂಗಳಲ್ಲಿ ಅಪ್ಪನಿಗೆ ವಿಜಯವಾಡಕ್ಕೆ ವರ್ಗವಾಯಿತು. ನಾನು ಹಾಸ್ಟೆಲ್ಲಿನಲ್ಲಿ ಉಳಿದೆ.

ತರ್ಕ ಕಲಿಸುತ್ತಿದ್ದ ಮೇಡಂ ಸಣ್ಣ ಆಳು, ದನಿ ಮಾತ್ರ ಕೊನೆಯ ಬೆಂಚಿಗೂ ಸಾಕು. ಅವರ ತರಗತಿಯಲ್ಲಿ ಒಂದು ಕಟ್ಟಳೆ. ಯಾರ ಮಾತನ್ನಾದರೂ ಖಂಡಿಸುವ ಮೊದಲು ಅದನ್ನು ಅವರಿಗಿಂತ ಚೆನ್ನಾಗಿ ನಾವೇ ಹೇಳಬೇಕು. ಅದು ಪೂರ್ವಪಕ್ಷ. ಎದುರಾಳಿ “ಅವುನು, ನೇನನ್ನದಿ ಅದೇ” ಎಂದು, ಹೌದು, ನಾನಂದದ್ದು ಅದೇ ಎಂದು ಒಪ್ಪುವ ತನಕ ನಮ್ಮ ಸರದಿ ಬರುವುದಿಲ್ಲ. ಪಕ್ಕದ ಪದ್ಮ ಬೇಕೆಂದೇ ಒಪ್ಪುತ್ತಿರಲಿಲ್ಲ. “ಕಾದೇ, ಮಳ್ಳೀ ಚೆಪ್ಪು,” ಅಲ್ಲ, ಇನ್ನೊಮ್ಮೆ ಹೇಳು ಎಂದು ನಗುವಳು. ಗಂಟೆ ಹೊಡೆದರೂ ನಾನು ಅವಳ ಪಕ್ಷದಲ್ಲೇ ಸಿಕ್ಕಿಕೊಂಡಿರುತ್ತಿದ್ದೆ.

ಮೊದಲ ವರ್ಷದ ರಜೆಗೆ ವಿಜಯವಾಡಕ್ಕೆ ಹೋದಾಗ ಅಪ್ಪ ಈ ಅರ್ಜಿ ತಂದಿಟ್ಟಿದ್ದರು.

“ಇಲ್ಲೇ ಬಿ.ಕಾಂ.ಗೆ ಸೇರವಾ. ಮುಂದ ಬ್ಯಾಂಕ್ ಪರೀಕ್ಷಾ ಕಟ್ಟೀಯಂತ.”

“ನಾ ಏನ್ ಹೇಳ್ತೀನಿ ಅನ್ನೋದ ನಿಮಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೆಂಗ ಬ್ಯಾಡ ಅಂತೀರಿ?” ಎಂದು ಅತ್ತುಬಿಟ್ಟೆ. ಅಳುತ್ತಲೇ ಮೇಡಂ ಕಟ್ಟಳೆಯನ್ನು ಅಪ್ಪನ ಮುಖಕ್ಕೆ ಎಸೆದೆ. ಬೇರೆ ತಂದೆಯಾಗಿದ್ದರೆ ಬೈಯುತ್ತಿದ್ದರು. ಅಪ್ಪ ಅದನ್ನು ಹೆಕ್ಕಿಕೊಂಡರು.

ಮರುದಿನ ಬ್ಯಾಂಕಿನಿಂದ ಬಂದವರು ಅಂಗಿ ಕೂಡ ಬದಲಿಸದೆ ಕುಳಿತು, “ನೀ ಅನ್ನೋದು, ಆ ಓದು ಸರಳ ಅದ ಅಂತ,” ಎಂದರು.

“ಅಲ್ಲ.”

ಅದರ ಮರುದಿನ: “ಸಮುದ್ರ ಬಿಟ್ಟು ಬರಾಕ ಮನಸ್ಸಿಲ್ಲ.”

“ಅದೂ ಅಲ್ಲ.” ಇದನ್ನು ಸ್ವಲ್ಪ ಮೆತ್ತಗೆ ಹೇಳಿದೆ.

ಮೂರನೆಯ ದಿನ ಕಾಫಿ ಲೋಟ ಪಕ್ಕಕ್ಕೆ ಸರಿಸಿದರು. “ನಮ್ಮದು ಮೂರು ವರ್ಷಕ್ಕೊಂದು ಊರು. ಮನ್ಯಾಗ ಒಂದು ಮಾತು, ಬೀದ್ಯಾಗ ಒಂದು ಮಾತು. ಎಲ್ಲೆ ಹೋದ್ರೂ ನೀ ಹೊರಗಿನಾಕಿ. ಆ ಕ್ಲಾಸಿನ್ಯಾಗ ಒಂದು ವಿಚಾರ ಹಿಡಕೊಂಡು ಕೂತಾಗ ಮಾತ್ರ ಯಾವೂರಾಕಿ ಅಂತ ಯಾರೂ ಕೇಳೂದಿಲ್ಲ. ಹೌದಿಲ್ಲೋ?”

ನನಗೇ ಅದು ಅಷ್ಟು ಸ್ಪಷ್ಟವಾಗಿ ತಿಳಿದಿರಲಿಲ್ಲ. “ಹೌದಪ್ಪಾ. ನಾ ಅಂದದ್ದು ಅದ.”

ಅರ್ಜಿ ಮಡಿಸಿ ಖಾನೆಗೆ ಹಾಕಿದರು. “ಹಂಗಾದ್ರ ಓದು. ಆದ್ರ ಈಗ ನನ್ನ ಪಕ್ಷ ನೀ ಹೇಳು.”

ಗೆದ್ದ ಸಂಭ್ರಮ ನನಗೆ. “ಪರೀಕ್ಷಾ ಮುಗದ ಮ್ಯಾಲೆ ಹೇಳ್ತೀನಿ,” ಎಂದು ವಿಶಾಖಪಟ್ಟಣದ ರೈಲು ಹತ್ತಿದೆ. ಮುಂದಿನ ರಜೆಗೆ ಬಂದಾಗ ಈ ಬೊಂಬೆ ಮೇಜಿನ ಮೇಲಿತ್ತು. “ನೀ ಬರೂತನಕ ಹೌದು ಅನ್ನಾಕ ಒಬ್ಬ ಬೇಕಲ್ಲ,” ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಎಂ.ಎ., ಪಾಠ ಹೇಳುವ ಕೆಲಸ, ಮದುವೆ. ಪೂರ್ವಪಕ್ಷವನ್ನು ಎಷ್ಟೋ ತಂಡಗಳಿಗೆ ಕಲಿಸಿದೆ. ಅಪ್ಪನದನ್ನು ಹೇಳಲಿಲ್ಲ. ಅವರು ಮತ್ತೆ ಕೇಳಲಿಲ್ಲ.

ಇಂದು ಬೆಳಿಗ್ಗೆ ಆ ಅರ್ಜಿಯ ಹಿಂಬದಿಯಲ್ಲಿ ಅಪ್ಪನ ಪಕ್ಷ ಬರೆದೆ: ಮಗಳಿಗೆ ಸಂಬಳ ಬರುವ ಕೆಲಸ ಬೇಕು. ಗಟ್ಟಿಯಾಗಿ ಓದಿ ಬೊಂಬೆಯನ್ನು ಮುಟ್ಟಿದೆ. ತಲೆಯಾಡಿಸಿತು. ಅದು ಎಲ್ಲದಕ್ಕೂ ಆಡಿಸುತ್ತದೆ. ಅಪ್ಪನಾಗಿದ್ದರೆ ‘ಅಲ್ಲ’ ಎನ್ನುತ್ತಿದ್ದರು.

ಹೊಡೆದುಹಾಕಿ ಮತ್ತೆ ಬರೆದೆ: ನಾಳೆ ನಾನಿಲ್ಲದಾಗ ಅವಳು ಯಾರ ಮನೆಯಲ್ಲೂ ಹೊರಗಿನವಳಾಗಿ ನಿಲ್ಲಬಾರದು.

ಹೊರಗಿನವಳು. ನನ್ನ ಪಕ್ಷ ಹೇಳುವಾಗ ಅಪ್ಪ ಆಡಿದ್ದೂ ಇದೇ ಮಾತು. ಆ ಪದದ ಕೆಳಗೆ ಗೆರೆ ಎಳೆದೆ. ಈ ಸಲ ಬೊಂಬೆಯನ್ನು ಮುಟ್ಟಲಿಲ್ಲ.