ಡಂಬಳದ ಇಳಿಜಾರಿನಲ್ಲಿ ಉರುಳಿದ ಅಂಬಾಸಿಡರ್

ಆ ಕಾರಿನ ಹ್ಯಾಂಡ್‌ಬ್ರೇಕ್ ಸಡಿಲಿಸಿದವಳು ನಾನು. ಡ್ರೈವರ್ ಹುಸೇನ್‌ಸಾಬರಲ್ಲ. ಇಷ್ಟು ವರ್ಷ ಆ ತಪ್ಪನ್ನು ಅವರು ಹೊತ್ತರು. ಹೊರಲು ಬಿಟ್ಟವಳೂ ನಾನೇ.

ಮೊನ್ನೆ ನಮ್ಮ ಹಳೆಯ ಸಿನಿಮಾದ ನಿರ್ದೇಶಕರು ಒಂದು ಸಂದರ್ಶನದಲ್ಲಿ ಆ ಕಾರನ್ನು ನೆನೆದು ನಗುತ್ತಿದ್ದರು. "ಕಾರೂ ಹಳೇದು, ಡ್ರೈವರೂ ಹಳಬ. ಬ್ರೇಕ್ ಹಾಕೂದನ್ನ ಮರ್ತಿದ್ದ. ನಮಗ ಪುಕ್ಕಟೆ ಒಂದು ಶಾಟ್ ಸಿಕ್ತು." ಎದುರಿಗಿದ್ದವರೂ ನಕ್ಕರು. ನನ್ನ ಮೈಯೆಲ್ಲ ಉರಿಯಿತು. ಎಷ್ಟು ಸಲೀಸಾಗಿ ಹೇಳುತ್ತಾನೆ ಈ ಮನುಷ್ಯ! ಆದರೆ ಅದನ್ನು ಸಲೀಸು ಮಾಡಿಕೊಟ್ಟವಳು...

ನಾನು ಬೆಟಗೇರಿಯ ನೇಕಾರರ ಮನೆಯವಳು. ನಾಟಕದ ಹುಚ್ಚಿನಿಂದ ಆ ಸಿನಿಮಾದಲ್ಲಿ ನಾಯಕನ ಅಕ್ಕನಾದೆ. ಇಡೀ ಸಿನಿಮಾಕ್ಕೆ ಇದ್ದದ್ದು ಒಂದೇ ಕಾರು — ಲಕ್ಷ್ಮೇಶ್ವರದ ಹುಸೇನ್‌ಸಾಬರ ಸ್ವಂತ ಅಂಬಾಸಿಡರ್. ಬೆಳಿಗ್ಗೆ ಅದು ಸಾಹುಕಾರನ ಕಾರು, ಮಧ್ಯಾಹ್ನ ಪೊಲೀಸರದು, ನಡುವೆ ನಾನು ಸೀರೆ ಬದಲಿಸುವ ಕೋಣೆ. ಲಕ್ಕುಂಡಿಯ ಬಿಸಿಲಿನಲ್ಲಿ ಹುಸೇನ್‌ಸಾಬರು ಒದ್ದೆ ಗೋಣಿಚೀಲವನ್ನು ಅದರ ನೆತ್ತಿಗೆ ಹೊದಿಸುತ್ತಿದ್ದರು. ಅವರ ಹೆಂಡತಿ ಕಸೂತಿ ಹಾಕಿದ ಸೀಟಿನ ಹೊದಿಕೆಯ ಮೇಲೆ ಕೂತು ನಾವೆಲ್ಲ ರೊಟ್ಟಿ ತಿನ್ನುತ್ತಿದ್ದೆವು. ಒಳಗೆ ಅತ್ತರಿನ ಘಮ. ಆ ಕಾರನ್ನು ನಾನು ನಿಜಕ್ಕೂ ಪ್ರೀತಿಸುತ್ತಿದ್ದೆ — ಈಗ ಹಾಗೆನ್ನಲು ಬಾಯಿ ಬರುವುದಿಲ್ಲ.

ಡಂಬಳದ ಕೆರೆಯ ಬಳಿ, ಇಳಿಜಾರಿನಲ್ಲಿ ಕಾರು ಉರುಳುವ ದೃಶ್ಯ ಬೇಕೆಂದರು ನಿರ್ದೇಶಕರು. ಹುಸೇನ್‌ಸಾಬರು ಒಪ್ಪಲಿಲ್ಲ; ಕೆಳಗೆ ಬರೀ ಬಂಡೆ, ಬೇಡವೆಂದರು. ಬ್ರೇಕ್ ಎಳೆದು ನಿಲ್ಲಿಸಿ ಚಹಾ ಕುಡಿಯಲು ಹೋದರು. ನಿಂತ ಕಾರಿನಲ್ಲೇ ಶಾಟ್; ನಾನು ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿರಬೇಕಿತ್ತು. ನಿರ್ದೇಶಕರು ಕಿಟಕಿಗೆ ಬಗ್ಗಿ, ಬ್ರೇಕ್ ಸ್ವಲ್ಪ ಸಡಿಲಿಸು, ನಾಲ್ಕಡಿ ಉರುಳಿದರೆ ಸಾಕು ಎಂದರು. ಕಾರು ಓಡಿಸಲು ನನಗೆ ಬಾರದು. ಆದರೂ ಸಡಿಲಿಸಿದೆ. ಯಾಕೆ? ಪರದೆಯ ಮೇಲೆ ನನ್ನ ಮುಖ ದೊಡ್ಡದಾಗಿ ಕಾಣುತ್ತದೆಂದು — ಅಷ್ಟೇ.

ಕಾರು ನಿಲ್ಲಲಿಲ್ಲ. ನಾನು ಹೊರಗೆ ಹಾರಿಕೊಂಡೆ. ಅದು ಬಂಡೆಗೆ ಬಡಿದು ಮುಂಭಾಗ ಮುದ್ದೆಯಾಯಿತು. ಡ್ರೈವರ್ ಬ್ರೇಕ್ ಹಾಕಿರಲಿಲ್ಲ ಎಂದು ನಿರ್ದೇಶಕರು ಎಲ್ಲರಿಗೂ ಕೇಳುವಂತೆ ಹೇಳಿದರು. ಹುಸೇನ್‌ಸಾಬರು ಓಡಿ ಬಂದವರು ಕಾರನ್ನು ನೋಡಲಿಲ್ಲ. ಮೊದಲು ನನ್ನ ಮೊಣಕೈಯ ಗಾಯ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಯವ್ವಾ, ನಾ ಬ್ರೇಕ್ ಎಳದಿದ್ದೆ ಅಲ್ಲಾ?"

"ನನಗ ಗೊತ್ತಿಲ್ಲ ಕಾಕಾ" ಎಂದೆ.

ಕಾರು ಗುಜರಿಗೆ ಹೋಯಿತು. ಅವರು ಮತ್ತೆಂದೂ ಸ್ಟಿಯರಿಂಗ್ ಮುಟ್ಟಲಿಲ್ಲ. ಯಾರೋ ತಡೆದರೆಂದಲ್ಲ — ತಮ್ಮ ಕೈಯನ್ನು ತಾವೇ ನಂಬದೆ.

ಸಂದರ್ಶನ ನೋಡಿದ ಮರುದಿನ ಲಕ್ಷ್ಮೇಶ್ವರಕ್ಕೆ ಹೋಗಿ ಎಲ್ಲ ಹೇಳಿದೆ.  ಅವರು ಹೇಳಿದರು: "ನನ್ನ ಮುಂದ ಹೇಳಿದ್ರ ಏನಾತು? ನಕ್ಕವ್ರ ಮುಂದ ಹೇಳು." ಅವರ ದನಿಯಲ್ಲಿ ಸಿಟ್ಟಿತ್ತು. ತಪ್ಪು ತಮ್ಮದೇ ಎಂದುಕೊಂಡಿದ್ದ ಅವರಿಂದ ಆ ಸಿಟ್ಟನ್ನೂ ನಾನು ಇಷ್ಟು ವರ್ಷ ಕಸಿದುಕೊಂಡಿದ್ದೆ.

ಬರುವ ಭಾನುವಾರ ಗದಗಿನಲ್ಲಿ ಆ ಸಿನಿಮಾದ ಪ್ರದರ್ಶನವಿದೆ. ಕಾರಿನ ಸವಿನೆನಪು ಹೇಳಲು ನನ್ನನ್ನೂ ಕರೆದಿದ್ದಾರೆ. ವೇದಿಕೆಯ ಮೇಲೆ ನಿರ್ದೇಶಕರೂ ಇರುತ್ತಾರೆ. ಅಲ್ಲೇ ಹೇಳುತ್ತೇನೆ ಎಂದೆ. ತಾವು ಬರುವುದಿಲ್ಲ ಎಂದು ಹುಸೇನ್‌ಸಾಬರು ಮುಖ ತಿರುಗಿಸಿದರು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅವರ ಮಗಳು ಶಂಶಾದ್ ಆಗ ಬಾಯಿಬಿಟ್ಟಳು.

"ನಾ ಬರ್ತೀನಿ. ಮುಂದಿನ ಸಾಲಿನ್ಯಾಗ ಕುಂದರ್ತೀನಿ. ನೀವು ಗೊತ್ತಿಲ್ಲ ಅಂತ ಮತ್ತ ಅಂದ್ರ, ಎದ್ದು ನಾ ಹೇಳ್ತೀನಿ."

ನಾನು ಕ್ಷಮೆ ಕೇಳಲಿಲ್ಲ. ಎಷ್ಟು ಗಂಟೆಗೆ, ಯಾವ ಸಭಾಂಗಣ ಎಂಬುದನ್ನು ಆಕೆಗೆ ಹೇಳಿ ಹೊರಟೆ.