ಬೂವನಹಳ್ಳಿಯ ಬದುವಿನ ಗೂಟ

ಬೆಂಗಳೂರಿನಲ್ಲಿ ಚನ್ನರಾಯಪಟ್ಟಣದ ಬಸ್ಸು ಹತ್ತುವ ಮೊದಲು ಚೀಲವನ್ನು ಮತ್ತೆ ಮತ್ತೆ ತೆಗೆದು ನೋಡಿದೆ. ನಕ್ಷೆ ಇತ್ತು, ಒಪ್ಪಿಗೆ ಪತ್ರಗಳಿದ್ದವು, ಆಧಾರ್ ಕಾರ್ಡೂ ಇತ್ತು. ಅದನ್ನು ತೋರಿಸದಿದ್ದರೆ ಹೆಂಗಸರಿಗೆ ಕೊಡುವ ಶೂನ್ಯ ದರದ ಟಿಕೆಟ್ ಸಿಗುವುದಿಲ್ಲ. ನಾನು ಬೀದಿ ತುದಿಯವರೆಗೂ ಹೋಗಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬರುವ ಪೈಕಿ. ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟ ಮೇಲೂ ಕಾರ್ಡನ್ನು ಕೈಯಲ್ಲೇ ಹಿಡಿದು ಕುಳಿತಿದ್ದೆ.

ಈ ಸಲದ ಗಾಬರಿಗೆ ಕಾರಣವೂ ಇತ್ತು. ಹಾಸನದ ಹಳೇ ಬಸ್ ನಿಲ್ದಾಣದಿಂದ ಬೂವನಹಳ್ಳಿಯ ಕಡೆ ಏಳುತ್ತಿರುವ ಹೊಸ ಬಡಾವಣೆಯವರೆಗೆ ಒಂದು ಟ್ರಾಮ್ ಮಾರ್ಗದ ಯೋಜನೆ ತಯಾರಿಸುವ ಖಾಸಗಿ ಕಚೇರಿಯಲ್ಲಿ ನನಗೆ ಕೆಲಸ. ನಕ್ಷೆಯ ಮೇಲೆ ಆ ಗೆರೆ ಎಳೆದವಳು ನಾನೇ. ಹೆದ್ದಾರಿ ಬಿಟ್ಟು ಬಡಾವಣೆಗೆ ತಿರುಗುವಲ್ಲಿ ಗೆರೆ ಒಂದು ಹೊಲದ ಬದುವನ್ನು ಹಾಯುತ್ತದೆ. ಒಂದು ಪಕ್ಕ ಕೆರೆ ಏರಿ, ಇನ್ನೊಂದು ಪಕ್ಕ ವಿದ್ಯುತ್ ಗೋಪುರ. ಟ್ರಾಮು ಬಸ್ಸಿನ ಹಾಗೆ ಸರಕ್ಕನೆ ತಿರುಗಲಾರದು. ಆ ಬದುವಿನಲ್ಲಿ ಕೆಂಪು ಬಿಳಿ ಬಣ್ಣದ ಗೂಟ ಹೊಡೆಸಿದ ಮೇಲೆ ಗೊತ್ತಾಯಿತು, ಹೊಲದವರು ತಮ್ಮ ತಾಯಿಯನ್ನು ಮಣ್ಣು ಮಾಡಿರುವುದು ಅಲ್ಲೇ ಎಂದು. ಹೊಲ ಅಕ್ಕ ಮತ್ತು ಇಬ್ಬರು ತಮ್ಮಂದಿರ ಹೆಸರಿನಲ್ಲಿದೆ. ಬುಧವಾರ ಹಾಸನದಲ್ಲಿ ಸಾರ್ವಜನಿಕ ಸಭೆ. ಅಷ್ಟರಲ್ಲಿ ಮೂವರೂ ಒಪ್ಪದಿದ್ದರೆ ಮಾರ್ಗವನ್ನು ಹೆದ್ದಾರಿಯಲ್ಲೇ ಮುಗಿಸುವುದೆಂದು ನಮ್ಮ ಮುಖ್ಯಸ್ಥರು ಹೇಳಿಬಿಟ್ಟಿದ್ದರು. ಆಗ ಬಡಾವಣೆಯವರಿಗೆ ಟ್ರಾಮು ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ.

ಅಕ್ಕ ಲಕ್ಕಮ್ಮನವರ ಮನೆ ಚನ್ನರಾಯಪಟ್ಟಣದಲ್ಲಿ, ತೆಂಗಿನಕಾಯಿ ಮಂಡಿಯ ಹಿಂದೆ. ಅಂಗಳದ ತುಂಬ ಸಿಪ್ಪೆಯ ರಾಶಿ, ಕೊಬ್ಬರಿಯ ಘಮ. ನಕ್ಷೆ ಬಿಡಿಸಿದರೆ ಆಕೆಗೆ ಅದು ಅರ್ಥವಾಗಲಿಲ್ಲ. ಕೊನೆಗೆ ಅಲ್ಲೇ ಬಿದ್ದಿದ್ದ ತೆಂಗಿನ ನಾರಿನ ಹಗ್ಗಗಳನ್ನು ನೆಲದ ಮೇಲೆ ಹಾಸಿ ತೋರಿಸಿದೆ. "ಇದು ಹೋಗುವ ಹಳಿ, ಇದು ಬರುವ ಹಳಿ. ನಮ್ಮ ಗೂಟ ಇರುವುದು ಎರಡರ ನಟ್ಟನಡುವೆ," ಎಂದೆ.

ಆಕೆ ಹಗ್ಗಗಳನ್ನು ಬಹಳ ಹೊತ್ತು ನೋಡಿದರು. ನಾನು ಪೆನ್ನು ಮುಂದೆ ಚಾಚಿದೆ.

"ಪಕ್ಷದಾಗೆ ಯಾರಾದ್ರೂ ಸೈನ್ ಆಕ್ತಾರೇನವ್ವ?" ಎಂದರು ಲಕ್ಕಮ್ಮ.

ಚಾಚಿದ ಪೆನ್ನನ್ನು ಹಿಂದಕ್ಕೆ ತೆಗೆದುಕೊಂಡೆ. ಪಿತೃಪಕ್ಷ! ಸರ್ಕಾರಿ ರಜೆ ಇದೆಯೋ ಇಲ್ಲವೋ ಎಂದಷ್ಟೇ ನೋಡಿ ಕಚೇರಿಯಲ್ಲಿ ದಿನ ಗೊತ್ತು ಮಾಡಿದ್ದೆವು. ಸತ್ತ ಹಿರಿಯರು ಮನೆಗೆ ಬರುವ ಹದಿನೈದು ದಿನ ಈ ಕಡೆ ಯಾರೂ ಸೈಟು ಕೊಳ್ಳುವುದಿಲ್ಲ, ಹೆಣ್ಣು ನೋಡುವುದಿಲ್ಲ, ಕಾಗದಕ್ಕೆ ಸಹಿ ಹಾಕುವುದಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗಾದರೂ ನೆನಪಾಗಬೇಡವೇ?

"ಬಾಯಿಮಾತಿನಲ್ಲಾದರೂ ಒಪ್ಪಿಗೆ ಕೊಡಿ," ಎಂದು ಅಂಗಲಾಚಿದೆ.

"ಕೊಡಾನ. ಆದ್ರೆ ಅವ್ವ ಎಲ್ಲವ್ಳೆ ಅಂತ ಮದ್ಲು ತೀರ್ಮಾನ ಆಗ್ಬೇಕಲ್ಲ. ತೆಂಗಿನಮರ ಇತ್ತು ನೋಡು, ಅದರ ಬುಡದಾಗವ್ಳೆ ಅಂತ ನಾನಂತೀನಿ. ಗಾಳೀಗೆ ಮರ ಬಿದ್ದೋಯ್ತು. ನನ್ನ ತಮ್ಮದೀರು ಬ್ಯಾರೆ ಏಳ್ತಾರೆ, ಕೇಳು ಓಗು. ಬಾನುವಾರ ಎಡೆ ಇಕ್ಕಕ್ಕೆ ಮೂರ್ ಜನಾನೂ ಒಲಕ್ಕೆ ಬತ್ತೀವಿ. ನೀನೂ ಬಾ."

ಮರ ಇದ್ದ ಜಾಗವನ್ನು ಆಕೆ ಹಗ್ಗದ ಮೇಲೆ ಬೆರಳಿಟ್ಟು ತೋರಿಸಿದರು. ಹೋಗುವ ಹಳಿ ಸರಿಯಾಗಿ ಅದರ ಮೇಲೇ ಹಾಯುತ್ತಿತ್ತು.

ಅವತ್ತು ಸಂಜೆ ಹಾಸನ ತಲುಪಿ, ಲಾಡ್ಜಿನಲ್ಲಿ ಚೀಲ ಇಟ್ಟು, ಜಾಗ ಇನ್ನೊಮ್ಮೆ ನೋಡೋಣವೆಂದು ಬಡಾವಣೆಯ ಕಡೆಗೆ ಹೋಗುವ ಸಿಟಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಆಸ್ಪತ್ರೆಯ ನರ್ಸ್ ಒಬ್ಬಳು ನನ್ನ ಕೈಯಲ್ಲಿದ್ದ ನಕ್ಷೆ ನೋಡಿ ಕಣ್ಣರಳಿಸಿದಳು. "ಟ್ರಾಮ್ ನಮ್ಮನೆ ಹತ್ರಾನೇ ಬತ್ತದಂತಲ್ಲ ಮೇಡಂ? ಹೆದ್ದಾರೀಲಿ ಇಳುದು ಲಾರಿ ನಡುವೆ ಒಬ್ಬಳೇ ನಡ್ಕೊಂಡು ಓಗಕ್ಕೆ ಜೀವ ಪುಕಪುಕ ಅಂತದೆ." ನೋಡೋಣ ಎಂದೆ. ಬಸ್ಸು ಹೆದ್ದಾರಿಯಲ್ಲೇ ನಿಂತಿತು. ಅವಳು ಮೊಬೈಲಿನ ಬೆಳಕು ಹಿಡಿದು ರಸ್ತೆಯ ಅಂಚಿನಲ್ಲಿ ಹೊರಟಳು. ನನಗೆ ಅವತ್ತು ಊಟ ಸೇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ತಟ್ಟೆ ಇಡ್ಲಿ ತಿಂದು ಹೊಳೆನರಸೀಪುರಕ್ಕೆ ಹೊರಟೆ. ಒಂದು ಗಂಟೆಯ ದಾರಿ, ಮೋಡ ಕವಿದ ದಿನ. ದೊಡ್ಡ ತಮ್ಮ ನಂಜೇಗೌಡರದು ಬಿತ್ತನೆ ಬೀಜ, ಗೊಬ್ಬರದ ಅಂಗಡಿ. ಅವರು ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ಮುದ್ದೆ, ಉಪ್ಸಾರು ಬಡಿಸಿದ ಮೇಲೆಯೇ ಮಾತಿಗೆ ಕುಳಿತರು.

"ಅಕ್ಕನ್ ಮಾತು ಕಟ್ಕಬ್ಯಾಡಿ ಮೇಡಂ. ಅವತ್ತು ಗುಂಡಿ ತೋಡ್ಸಿದೋನು ನಾನು. ಅವ್ವ ಇರೋದು ಆ ಕರೆಂಟ್ ಗೋಪುರದ ಕಡೆ ಕಣ್ರೀ. ಮರದ ಬುಡದಾಗೆ ಗುಂಡಿ ತೋಡಕ್ಕಾಯ್ತದಾ, ಬೇರು ಬಿಡ್ತದಾ?"

ಒಳಗೊಳಗೇ ಕುಣಿಯುವಂತಾಯಿತು. ಗೋಪುರದ ಕಡೆಯಾದರೆ ಹಳಿಗೆ ಅಡ್ಡಿಯಿಲ್ಲ. ಆದರೆ ಅವರೂ ಪೆನ್ನು ಮುಟ್ಟಲಿಲ್ಲ. ಭಾನುವಾರ ಮೂವರೂ ಕೂಡಿದಾಗ ನೋಡೋಣ ಎಂದರು.

ಅಲ್ಲಿಂದ ಅರಕಲಗೂಡಿನ ಬಸ್ಸು. ತುಂತುರು ಶುರುವಾಗಿ ಕಿಟಕಿ ಮುಚ್ಚಿದರು. ದಾರಿಯುದ್ದಕ್ಕೂ ಕಿತ್ತ ಆಲೂಗೆಡ್ಡೆಯ ರಾಶಿಗಳ ಮೇಲೆ ಟಾರ್ಪಾಲು ಹೊದಿಸಿ ಜನ ಕಾಯುತ್ತಿದ್ದರು. ಕಿರಿಯ ತಮ್ಮ ಪುಟ್ಟೇಗೌಡರು ಶಾಲೆಯ ಮೇಷ್ಟ್ರು. ಶಾಲೆಯ ಜಗುಲಿಯಲ್ಲೇ ನಿಂತು ಅವರು ಹೇಳಿದ್ದು ಮೂರನೆಯ ಕಥೆ.

"ಕೆರೆ ಏರಿ ಮಗ್ಗುಲಿಗೆ ತಲೆದೆಸೇಲಿ ಕಲ್ಲು ನೆಟ್ಟಿದ್ದು ನಾನು. ಉಳೋವಾಗ ಟ್ರ್ಯಾಕ್ಟ್ರು ಕಿತ್ತಾಕ್ಬುಡ್ತು. ಪ್ರತಿ ವರ್ಷ ಎಡೆ ಇಕ್ಕೋ ದಿನ ನಮ್ಮ ಮೂವರಿಗೂ ಇದೇ ಜಗಳ. ಒಟ್ಟಿಗೆ ಬತ್ತೀವಿ, ಮೂರು ಕಡೆ ಎಲೆ ಆಕ್ತೀವಿ, ಮಾತು ಬಿಟ್ಟು ಮನೆಗೋಯ್ತೀವಿ."

ರಾತ್ರಿ ಹಾಸನದ ಲಾಡ್ಜಿನಲ್ಲಿ ಮಲಗಿ, ಇಬ್ಬರು ತಮ್ಮಂದಿರಲ್ಲಿ ಯಾರಾದರೊಬ್ಬರ ಮಾತು ನಿಜವಾಗಲಿ, ಅಕ್ಕನದು ಮಾತ್ರ ಸುಳ್ಳಾಗಲಿ ಎಂದು ದೇವರನ್ನು ಬೇಡಿಕೊಂಡೆ. ಇನ್ನೊಬ್ಬರ ತಾಯಿ ಎಲ್ಲಿ ಮಲಗಿರಬೇಕು ಎಂದು ಬೇಡಿಕೊಳ್ಳುವ ಸ್ಥಿತಿ ಬಂತಲ್ಲ ಎಂದು ನಾಚಿಕೆಯೂ ಆಯಿತು. ನಿದ್ದೆ ಹತ್ತಲಿಲ್ಲ.

ಭಾನುವಾರ ಬಿಸಿಲು ಬಂದಿತ್ತು. ನಾನು ಹೋಗುವಷ್ಟರಲ್ಲಿ ಬದುವಿನ ಮೇಲೆ ಮೂರು ಬಾಳೆಲೆಗಳು ಬಿದ್ದಿದ್ದವು. ಮರ ಇದ್ದ ಕಡೆ ಲಕ್ಕಮ್ಮನವರದು, ಗೋಪುರದ ಕಡೆ ನಂಜೇಗೌಡರದು, ಏರಿಯ ಕಡೆ ಮೇಷ್ಟ್ರದು. ಎಲ್ಲದರಲ್ಲೂ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ, ತಾಯಿಗೆ ಇಷ್ಟವಾದ ಎಲೆ ಅಡಿಕೆ. ಸಾಂಬ್ರಾಣಿ ಹಾಕಿ, ಕೈ ಮುಗಿದು, ಎಲ್ಲರೂ ದೂರ ಹೋಗಿ ನಿಂತರು. ಕಾಗೆ ಮುಟ್ಟಬೇಕು. ಅಕ್ಕತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಇವತ್ತು ಮದ್ಲು ಯಾರ್ ಎಲೆ ಮುಟ್ತದೋ ಅದೇ ಕಡೇ ಮಾತು," ಎಂದರು ಲಕ್ಕಮ್ಮ. "ಈ ಮಗಾನೂ ಕಾಯ್ತಾ ಅವ್ಳೆ. ಓದ್ ವರ್ಸದಂಗೆ ಕಿತ್ತಾಡಬ್ಯಾಡಿ."

ತಮ್ಮಂದಿರು ಹೂಂ ಎಂದರು. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಏರಿಯ ಕಡೆಯಿಂದ ಒಂದು ಕಾಗೆ ಹಾರಿ ಬಂದು ನಾನು ಹೊಡೆಸಿದ ಗೂಟದ ಮೇಲೆ ಕುಳಿತು, ಕತ್ತು ಕೊಂಕಿಸಿ ನೋಡಿ, ಕೆಳಗಿಳಿದು ನೇರ ಲಕ್ಕಮ್ಮನವರ ಎಲೆಗೆ ಹೋಯಿತು.

ಮುಗಿಯಿತು ಎಂದುಕೊಂಡೆ. ಹಳಿಯ ಕೆಳಗೇ ತಾಯಿ. ಯಾವ ಮಗಳು ಒಪ್ಪುತ್ತಾಳೆ?

"ನೋಡ್ರುಲಾ!" ಎಂದು ಲಕ್ಕಮ್ಮ ಕೂಗಿದರು. ಕೂಗು ಮುಗಿಯುವ ಮೊದಲೇ ಕಾಗೆ ಒಂದು ತುತ್ತು ಕಚ್ಚಿಕೊಂಡು ನಂಜೇಗೌಡರ ಎಲೆಗೆ ಹಾರಿತು. ಅಲ್ಲೂ ಒಂದು ಕುಕ್ಕಿತು. ಅಲ್ಲಿಂದ ಮೇಷ್ಟ್ರ ಎಲೆಗೆ ಹೋಗಿ ವಡೆ ಎತ್ತಿಕೊಂಡು ಏರಿಯ ಆಚೆ ಮರೆಯಾಯಿತು.

ಮೊದಲು ನಕ್ಕವರು ಮೇಷ್ಟ್ರು. "ಬದುಕಿದ್ದಾಗ್ಲೂ ಇಂಗೇ ಅಲ್ವೇನಕ್ಕ? ನಿಮ್ಮನೇಲಿ ಮುದ್ದೆ ಉಂಡು, ಅಣ್ಣನ ಮನೇಲಿ ಸಾರು ಕುಡುದು, ನಮ್ಮನೆಗೆ ಬಂದು ವಡೆ ಇಲ್ವೇನ್ಲಾ ಅನ್ನೋಳು."

ನಂಜೇಗೌಡರು ಟವೆಲಿನಿಂದ ಕಣ್ಣೊರೆಸಿಕೊಂಡರು. ಲಕ್ಕಮ್ಮ ಅಳುತ್ತಲೇ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಗೂಟದ ಹತ್ತಿರ ಹೋದರು. ಅದನ್ನು ಹಿಡಿದು ಅಲ್ಲಾಡಿಸಿ ನೋಡಿದರು.

"ಗಟ್ಟಿಯಾಗ್ ನೆಟ್ಟಿದ್ದೀಯ ಕಣವ್ವ. ಮರ ಬಿತ್ತು, ಕಲ್ಲು ಓಯ್ತು. ನಿಂತಿರೋದು ಇದೊಂದೇಯ. ಅವ್ವ ಬಂದು ಕುಂತಿದ್ದೂ ಇದರ ಮೇಲೇಯ. ಇನ್ ಮ್ಯಾಕೆ ನಮ್ ಮೂರ್ ಜನಕ್ಕೂ ಇದೇ ಗುರ್ತು."

ನಾನು ಬಾಯಿ ತೆಗೆಯುವಷ್ಟರಲ್ಲಿ ಗೂಟಕ್ಕೆ ಅರಿಶಿನ ಕುಂಕುಮ ಬಿದ್ದಾಗಿತ್ತು. ನೆತ್ತಿಯ ಮೇಲೊಂದು ದಾಸವಾಳ ಕೂತಿತ್ತು. ತಮ್ಮಂದಿರು ಬಗ್ಗಿ ನಮಸ್ಕಾರ ಮಾಡಿದರು.

"ಅಮ್ಮಾ, ಅದು ಟ್ರಾಮಿನ ಗೂಟ!" ಎಂದೆ.

"ಅಗ್ಗ ಆಸಿ ತೋರ್ಸಿದೋಳು ನೀನೇಯ. ಓಗೋ ಹಳಿ ಅತ್ಲಾಗೆ, ಬರೋ ಹಳಿ ಇತ್ಲಾಗೆ, ಗೂಟ ನಡುವೆ ಅಂದೆ. ಸುಳ್ಳಾ?"

"ಸುಳ್ಳಲ್ಲ."

"ಮತ್ತೆ? ಅವ್ವ ನಡುವೆ ಇರ್ಲಿ. ಓಗೋರ್ನೂ ನೋಡ್ತಾಳೆ, ಬರೋರ್ನೂ ನೋಡ್ತಾಳೆ. ಪಕ್ಷ ಕಳುದ್ ಮೇಲೆ ಬಾ, ಸೈನ್ ಆಕ್ತೀವಿ. ಈ ಗೂಟ ಮಾತ್ರ ಒಂದಂಗುಲಾನೂ ಅಲ್ಲಾಡಬಾರ್ದು."

ಬರುವ ವರ್ಷದಿಂದ ಒಂದೇ ಎಲೆ ಸಾಕು ಎಂದು ಮಾತಾಡಿಕೊಳ್ಳುತ್ತ ಮೂವರೂ ಒಟ್ಟಿಗೆ ಊಟಕ್ಕೆ ಕುಳಿತರು. ನನಗೂ ಬಡಿಸಿದರು. ಮೂರು ದಿನದಲ್ಲಿ ಅವತ್ತೇ ನಾನು ಹೊಟ್ಟೆ ತುಂಬ ಉಂಡಿದ್ದು.

ವಾಪಸು ಬರುವಾಗ ಅಲ್ಲೇ ಹೆದ್ದಾರಿಯಲ್ಲಿ ಚನ್ನರಾಯಪಟ್ಟಣದ ಬಸ್ಸಿಗೆ ಲಕ್ಕಮ್ಮನೂ ನಾನೂ ಒಟ್ಟಿಗೆ ಹತ್ತಿದೆವು. ಆಕೆ ಕುಳಿತ ಕೂಡಲೇ ನನ್ನ ಭುಜಕ್ಕೆ ಒರಗಿ ತೂಕಡಿಸತೊಡಗಿದರು. ಆಗ ಮುಖ್ಯಸ್ಥರ ಫೋನು ಬಂತು. ಪಕ್ಷದ ವಿಷಯ ಹೇಳಿ, ಬಾಯಿಮಾತಿನ ಒಪ್ಪಿಗೆ ಸಿಕ್ಕಿದೆ ಎಂದೆ. ಸಭೆಯಲ್ಲಿ ಹಾಗೆಯೇ ಹೇಳೋಣ ಎಂದು ಅವರು ಒಪ್ಪಿದರು. ನಾನು ಉಸಿರು ಬಿಟ್ಟೆ.

"ಅಂದ ಹಾಗೆ," ಎಂದರು, "ಆ ತಿರುವು ಸ್ವಲ್ಪ ಬಿಗಿಯಾಯಿತು. ಬದುವಿನ ಗೂಟ ಎರಡಡಿ ಬಲಕ್ಕೆ ಸರಿಸಿಬಿಡಿ. ಹೆಚ್ಚೇನಿಲ್ಲ, ಎರಡೇ ಅಡಿ."

ಇಷ್ಟು ವರ್ಷದ ಕೆಲಸದಲ್ಲಿ ನಾನು ಅವರಿಗೆ ಆಗುವುದಿಲ್ಲ ಎಂದವಳಲ್ಲ. ಭುಜದ ಮೇಲಿನ ತಲೆ ಅಲುಗದಂತೆ ಹಿಂದಕ್ಕೆ ತಿರುಗಿ ಕಿಟಕಿಯಿಂದ ನೋಡಿದೆ. ಸಂಜೆ ಬಿಸಿಲಿನಲ್ಲಿ ದೂರದ ಬದುವಿನ ಮೇಲೆ ಗೂಟ ಇನ್ನೂ ಕಾಣುತ್ತಿತ್ತು.

"ಆಗಲ್ಲ ಸರ್," ಎಂದೆ.

"ಯಾಕೆ? ಏನು ಅಡ್ಡ ಇದೆ ಅಲ್ಲಿ?"

"ಅಡ್ಡ ಏನಿಲ್ಲ ಸರ್. ಅಲ್ಲಿ ಇವರ ಅಮ್ಮ ಇದ್ದಾರೆ," ಎಂದೆ.