ಬೀಗಿತ್ತಿಯ ಉಗುರು ಬಣ್ಣ

ನಮ್ಮ ಬೀಗಿತ್ತಿಯ ಒಂದೊಂದು ಕೈಯಲ್ಲೂ ಮೂರೇ ಬೆರಳಿಗೆ ಬಣ್ಣ ಇರುತ್ತಿತ್ತು. ನಡುಬೆರಳು, ಉಂಗುರದ ಬೆರಳು, ಕಿರುಬೆರಳು ಮಿರಮಿರ ಮಿಂಚುತ್ತಿದ್ದವು. ಹೆಬ್ಬೆರಳು, ತೋರುಬೆರಳು ಬೋಳು. ಬೂದಿ ಹತ್ತಿ ಹತ್ತಿ ಅವುಗಳ ತುದಿ ತಿಕ್ಕಿದ ಕಲ್ಲಿನಂತೆ ನುಣ್ಣಗಾಗಿತ್ತು. ನನ್ನ ಮಗಳನ್ನು ಆಕೆಯ ಮಗನಿಗೆ ಕೇಳಲು ಬಂದ ದಿನ ನಾನು ಮೊದಲು ನೋಡಿದ್ದು ಆ ಕೈಯನ್ನೇ. ಸೀಸೆಯಲ್ಲಿ ಬಣ್ಣ ಸಾಲದೆ ಹೋಗಿರಬೇಕು ಅಂದುಕೊಂಡು ಹಾಗೇ ಕೇಳಿಬಿಟ್ಟೆ. ಮನೆಯವರೆಲ್ಲ ನನ್ನನ್ನು ಕಣ್ಣಲ್ಲೇ ಗದರಿದರು.

ಆಕೆ ನಕ್ಕಳು. "ಸಾಲದೆ ಅಲ್ಲ ವದಿನಾ. ಈ ಎರಡು ಬೆರಳು ಮಗ್ಗಕ್ಕೆ. ಮಿಕ್ಕ ಮೂರು ನಂಗೆ."

ಆಕೆ ಮೊಳಕಾಲ್ಮೂರಿನವಳು. ಅವರ ಓಣಿಯಲ್ಲಿ ಕನ್ನಡ ಎಷ್ಟೋ ತೆಲುಗೂ ಅಷ್ಟೇ. ವದಿನಾ ಅಂದರೆ ಅತ್ತಿಗೆ. ಸಂಬಂಧ ಕೂಡುವುದಕ್ಕೆ ಮೊದಲೇ ನನ್ನನ್ನು ಹಾಗೆ ಕರೆದಳು, ಸಾಯುವವರೆಗೂ ಹಾಗೇ ಕರೆದಳು.

ಮಗ್ಗದಲ್ಲಿ ಸೀರೆ ಮುಗಿದ ಮೇಲೆ, ಉಳಿದ ಹಳೇ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಅದನ್ನು ಕೆಚ್ಚೋದು ಅಂತಾರೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಎರಡು ಎಳೆ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ಬಿಡುತ್ತಿದ್ದಳು. ಸಾವಿರಾರು ಎಳೆ. ಉಗುರಿನ ಬಣ್ಣದ ಅಂಚು ಒಂದಿಷ್ಟು ಎದ್ದರೂ ರೇಷ್ಮೆ ಸಿಕ್ಕಿಕೊಂಡು ಹರಿಯುತ್ತದೆ. ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆ ಸೀರೆಯ ಹಾಸು ಏರಿಸಿದರೂ ಕೆಚ್ಚೋದಕ್ಕೆ ಆಕೆಯನ್ನೇ ಕರೆಯುತ್ತಿದ್ದರು. ಕರೆದರೆ ಅನ್ನ ಬಿಟ್ಟು ಏಳುತ್ತಿದ್ದಳು.

ನನಗೆ ಆಕೆ ಹಿಡಿಸಿರಲಿಲ್ಲ. ಮೊಮ್ಮಕ್ಕಳು ಬರುವ ವಯಸ್ಸಿನಲ್ಲಿ ಉಗುರಿಗೆ ಬಣ್ಣ ಯಾಕೆ ಅಂತ. ನಾನು ಚಳ್ಳಕೆರೆಯಲ್ಲಿ ಶೇಂಗಾ ಸುಲಿದು ಮಕ್ಕಳನ್ನು ಸಾಕಿದವಳು. ನನ್ನ ಉಗುರು ಬೆಳೆದರೆ ತಾನೇ ಬಣ್ಣದ ಮಾತು.

ಮಗಳು ಅಳಿಯ ನಮ್ಮ ಮನೆಯ ಹಿಂದಿನ ಸಾಲಿನಲ್ಲೇ ಬಾಡಿಗೆಗಿದ್ದಾರೆ. ಅಳಿಯ ಕುದಾಪುರದ ಕಡೆ ಸ್ಟಾಫ್ ಬಸ್ ಓಡಿಸುತ್ತಾನೆ. ಅವರಿಗೆ ಒಬ್ಬಳೇ ಮಗಳು, ಈಗ ಹೈಸ್ಕೂಲು. ಬೀಗಿತ್ತಿ ಮೊಳಕಾಲ್ಮೂರಿನಲ್ಲಿ ಸಣ್ಣ ಮಗನ ಜೊತೆ ಇದ್ದಳು, ಹಬ್ಬಹಬ್ಬಕ್ಕೆ ಇಲ್ಲಿಗೆ ಬರುವಳು. ಬಸ್ಸಿಳಿದವಳು ನೇರ ಮನೆಗೆ ಬರುವುದೆಲ್ಲಿ? ಮೊದಲು ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಸ್ಟೋರಿಗೆ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮಾತ್ರೆ ಮುಲಾಮಿನ ಪಕ್ಕ ಉಗುರು ಬಣ್ಣ ಜೋಡಿಸಿಟ್ಟಿರುತ್ತಾರೆ. ಯುಗಾದಿಗೆ ತಿಳಿಬಣ್ಣ, ಶ್ರಾವಣಕ್ಕೆ ಹಸಿರು, ದೀಪಾವಳಿಗೆ ಮಿಂಚು.

"ಏನಮ್ಮಾ, ಜ್ವರಕ್ಕೋ ಬಣ್ಣಕ್ಕೋ?" ಅಂತ ಅಂಗಡಿಯವನು ಕೆಣಕುತ್ತಿದ್ದ.

"ಬಣ್ಣ ಸಿಗದಿದ್ರೆ ಜ್ವರ ಬರ್ತೈತೆ. ಹೊಸದು ಏನು ಬಂದೈತೆ ತೆಗಿಯಣ್ಣಾ."

ಸಂಜೆ ಹೊಸ್ತಿಲ ಬಳಿ ಚಾಪೆ ಹಾಸಿ ಕೂರುತ್ತಿದ್ದೆವು. ಮೊಮ್ಮಗಳು ಆಕೆಯ ಆ ಮೂರು ಬೆರಳಿಗೆ ಒಂದೊಂದು ಬಣ್ಣ ಹಚ್ಚುವಳು. ಸೀಸೆಯ ಮೇಲೆ ಇಂಗ್ಲಿಷಿನಲ್ಲಿ ಏನೇ ಬರೆದಿರಲಿ, ಬೀಗಿತ್ತಿ ಸೀರೆಯ ಹೆಸರಿಡುವಳು. ಇದು ಈರುಳ್ಳಿ ಸಿಪ್ಪೆ. ಇದು ನವಿಲು ಕೊರಳು. ಇದು ಸುಣ್ಣ ಹೆಚ್ಚಾದ ಅರಿಶಿನ, ಬೇಡ, ವಾಪಸ್ ಕೊಡು. ಟ್ಯೂಬ್‌ಲೈಟಿನಲ್ಲಿ ಬಣ್ಣ ನೋಡಲು ಬಿಡುತ್ತಿರಲಿಲ್ಲ. "ಬಣ್ಣಾನ ಬಾಗಿಲಲ್ಲಿ ನೋಡ್ಬೇಕು. ಒಳಗೆ ಎಲ್ಲ ಬಣ್ಣಾನೂ ಸುಳ್ಳು ಹೇಳ್ತೈತೆ" ಅನ್ನುವಳು.

ಒಂದು ಸಲ ನನ್ನ ಕೈಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡಳು.

"ಬಿಡು, ರೊಟ್ಟಿ ತಟ್ಟಬೇಕು" ಅಂದೆ.

"ತಟ್ಟುವಂತೆ. ಒಣಗೋವರ್ಗೂ ಸುಮ್ನೆ ಕೂತ್ಕೋ. ಸುಮ್ನೆ ಕೂರೋಕೆ ಬರಲ್ವಲ್ಲ ನಿಂಗೆ, ಕಲ್ತ್ಕೋ."

ಕನಕಾಂಬರದ ಬಣ್ಣ ಹಚ್ಚಿದಳು. ಎಷ್ಟೋ ಹೊತ್ತು ಕೈ ಬಿಡಲಿಲ್ಲ, ಊದುತ್ತಾ ಕೂತಿದ್ದಳು. ನನ್ನ ಕೈಯನ್ನು ಕೆಲಸಕ್ಕಲ್ಲದೆ ಇನ್ನೊಂದಕ್ಕೆ ಹಿಡಿದವರು ಆಕೆಯೊಬ್ಬಳೇ. ರೊಟ್ಟಿ ತಟ್ಟುವಾಗ ಬಣ್ಣ ಹಿಟ್ಟಿಗೆ ಬಂತು, ಅದು ಬೇರೆ ಮಾತು.

ಒಂದು ಶ್ರಾವಣದಲ್ಲಿ ಬಂದಾಗ ಹತ್ತೂ ಬೆರಳಿಗೆ ಬಣ್ಣ. ಅದೂ ಬದನೆಕಾಯಿ ಬಣ್ಣ, ದಪ್ಪಗೆ.

"ಹೆಬ್ಬೆರಳಿಗೂ ಬಂತಾ? ಮಗ್ಗಕ್ಕೇನು ಕೊಟ್ಟೆ?" ಅಂದೆ.

"ವಯಸ್ಸಾಯ್ತಲ್ಲ ವದಿನಾ, ಹತ್ತೂ ನಂಗೇ ಇರಲಿ ಅಂದ್ಕೊಂಡೆ."

"ಕೆಚ್ಚೋಕೆ ಹೋಗಲ್ವಾ?"

"ಹೋಗ್ತೀನಿ."

"ಎಳೆ ಹರಿಯಲ್ವಾ?"

"ಹರೀತೈತೆ. ಮತ್ತೆ ಕೂಡಿಸ್ತೀನಿ. ನೀನೇನು ಪೊಲೀಸಾ?" ಅಂತ ನಕ್ಕಳು. ನಗುವುದಕ್ಕೆ ಉಸಿರು ಸಾಲದೆ ಅರ್ಧಕ್ಕೇ ನಿಂತಿತು.

ಅವತ್ತೇ ನನಗೆ ಅನುಮಾನ ಬಂತು. ಯಾರಿಗೆ ಹೇಳೋದು, ಏನಂತ ಹೇಳೋದು? ಎರಡು ಬೆರಳಿಗೆ ಬಣ್ಣ ಹಚ್ಚಿಕೊಂಡಳು ಅಂದರೆ ಯಾರಾದರೂ ನಗುತ್ತಾರೆ. ಆದರೆ ಇಷ್ಟು ವರ್ಷ ಆ ಎರಡು ಬೆರಳನ್ನು ದೇವರ ದೀಪದ ಹಾಗೆ ಕಾಪಾಡಿಕೊಂಡವಳು ಸುಮ್ಮನೆ ಹಚ್ಚುವುದಿಲ್ಲ. ಆಕೆಯನ್ನು ಕಳ್ಳನನ್ನು ನೋಡಿದ ಹಾಗೆ ನೋಡತೊಡಗಿದೆ. ಬಸ್ ಸ್ಟ್ಯಾಂಡಿನಿಂದ ನಡೆದು ಬರುತ್ತಿದ್ದವಳು ಆ ಸಲ ಆಟೋದಲ್ಲಿ ಬಂದಿದ್ದಳು. ನಾಲ್ಕು ಮೆಟ್ಟಿಲು ಹತ್ತಿ, ಮೊಮ್ಮಗಳನ್ನು ಮಾತಾಡಿಸುವ ನೆಪದಲ್ಲಿ ಗೋಡೆ ಹಿಡಿದು ನಿಂತಳು. ಮಲಗುವಾಗ ಬೆನ್ನಿಗೆ ದಿಂಬಿನ ಮೇಲೆ ದಿಂಬು. ಬಾಯಲ್ಲಿ ಸದಾ ಎಲೆ ಅಡಿಕೆ, ತುಟಿ ಕೆಂಪಗೇ ಕಾಣುತ್ತಿತ್ತು. ಕೇಳಿದರೆ ಗ್ಯಾಸು ಅನ್ನುವಳು. ಮೊಳಕಾಲ್ಮೂರಿಗೆ ಹೋದ ಮೇಲೆ ಫೋನ್ ಬಂದರೆ ಕೈಲಿದ್ದದ್ದು ಬಿಟ್ಟು ಓಡುತ್ತಿದ್ದೆ. ಎತ್ತಿದರೆ ಬೇರೆ ಯಾರೋ.

ದೀಪಾವಳಿಗೆ ಬಂದಳು. ಮೊಮ್ಮಗಳು ಮೆಡಿಕಲ್ ಸ್ಟೋರಿನಿಂದ ತಾಮ್ರದ ಮಿಂಚಿನ ಹೊಸ ಬಣ್ಣ ತಂದಿದ್ದಳು. ಹಳೇದು ಅಳಿಸಲು ರಿಮೂವರ್, ಹತ್ತಿ ತೆಗೆದಳು. ಬೀಗಿತ್ತಿ ಕೈ ಹಿಂದಕ್ಕೆಳೆದುಕೊಂಡಳು.

"ಅಳಿಸಬ್ಯಾಡ. ಮೇಲೇ ಬಳಿ."

"ಅಜ್ಜೀ, ದಪ್ಪ ಆಗುತ್ತೆ. ಈಗಲೇ ಪದರ ಪದರ ಐತೆ."

"ಆಗ್ಲಿ."

ನನಗೆ ತಡೆಯಲಾಗಲಿಲ್ಲ. ಆಕೆಯ ಕೈ ಹಿಡಿದೆ. ಶೇಂಗಾ ಸುಲಿದ ಕೈ ನನ್ನದು, ಬಿಡಿಸಿಕೊಳ್ಳಲು ಆಕೆಗೆ ಆಗಲಿಲ್ಲ. ಹೆಬ್ಬೆರಳ ಬಣ್ಣವನ್ನು ಹತ್ತಿಯಿಂದ ತಿಕ್ಕಿದೆ. ಬದನೆಕಾಯಿ ಬಣ್ಣ ಹೋಯಿತು. ಕೆಳಗಿನ ಉಗುರೂ ಹೆಚ್ಚುಕಮ್ಮಿ ಅದೇ ಬಣ್ಣ. ನೇರಳೆ ಹಣ್ಣಿನ ರಸ ಇಳಿದಂತೆ.

ಮೊಮ್ಮಗಳು, "ಅಜ್ಜಿ, ಇನ್ನೂ ಹೋಗಿಲ್ಲ, ಇನ್ನೊಂದು ಸಲ ತಿಕ್ಕು" ಅಂದಳು.

"ಇದು ತಿಕ್ಕಿದ್ರೆ ಹೋಗೋದಲ್ಲ, ಒಳಗೆ ಹೋಗು ನೀನು" ಅಂದೆ.

ಹುಡುಗಿ ಒಳಗೆ ಹೋದ ಮೇಲೆ ಬೀಗಿತ್ತಿ ಬಾಯಿ ಬಿಟ್ಟಳು. ಆಕೆಯ ತಾಯಿಗೂ ಕೊನೆಗಾಲದಲ್ಲಿ ಉಗುರು ನೀಲಿಗಟ್ಟಿತ್ತಂತೆ. ತಾಯಿಯೂ ಕೆಚ್ಚುವವಳು. ಮದುವೆ ಸೀರೆಗೆ ರೋಗದ ಕೈ ಬೇಡ ಅಂತ ಓಣಿಯ ಹೆಂಗಸರು ಕರೆಯುವುದನ್ನು ಬಿಟ್ಟರಂತೆ. "ಅವ್ವ ಬಾಗಿಲಲ್ಲಿ ಕೂತು ಯಾರು ಕರೀತಾರೆ ಅಂತ ಕಾಯೋಳು. ನಂಗೆ ಆ ಬಾಗಿಲು ಬ್ಯಾಡ ವದಿನಾ. ನನ್ನ ಮಗಂಗೆ ಹೇಳಬ್ಯಾಡ."

"ಹೇಳ್ತೀನಿ."

"ನಿನ್ನ ಕಾಲಿಗೆ ಬೀಳ್ತೀನಿ."

"ಬೀಳು. ನೀನು ಎದ್ದ ಮೇಲೆ ಹೇಳ್ತೀನಿ."

ಹೇಳಿದೆ. ಅಳಿಯ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ. ಬೀಗಿತ್ತಿ ನನ್ನ ಜೊತೆ ಮಾತು ಬಿಟ್ಟಳು.

ಮಾರನೇ ದಿನ ದಾವಣಗೆರೆಯ ಆಸ್ಪತ್ರೆಗೆ ಎಲ್ಲರೂ ಹೋದೆವು. ಹುಡುಗಿಗೆ ಶಾಲೆ ರಜೆ, ಅವಳೂ ಬಂದಳು. ನರ್ಸಮ್ಮ ಆಕೆಯ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಹಾಕಿದರೆ ನಂಬರೇ ನಿಲ್ಲಲಿಲ್ಲ. "ಯಾರಮ್ಮ ಇಷ್ಟು ಬಣ್ಣ ಬಳಿದಿರೋದು? ತೆಗೀರಿ ಎಲ್ಲಾ" ಅಂತ ರೇಗಿದಳು. ಮಿಕ್ಕ ಒಂಬತ್ತು ಬೆರಳನ್ನೂ ನಾನೇ ಒರೆಸಿದೆ. ಕೊನೆಯ ಮೂರು ಬೆರಳಲ್ಲಿ ಬದನೆಯ ಕೆಳಗೆ ಹಸಿರು, ಹಸಿರಿನ ಕೆಳಗೆ ಯುಗಾದಿಗೆ ಹಚ್ಚಿದ್ದ ಈರುಳ್ಳಿ ಸಿಪ್ಪೆ. ಯುಗಾದಿಯಿಂದ ಮುಚ್ಚಿಟ್ಟಿದ್ದಳು! ಒರೆಸುವಷ್ಟು ಹೊತ್ತೂ ಗೋಡೆ ನೋಡುತ್ತಾ ಕೂತಿದ್ದಳು, ನನ್ನ ಮುಖ ನೋಡಲಿಲ್ಲ.

ಎದೆಯ ಸ್ಕ್ಯಾನ್ ಆಯಿತು. ಹೃದಯದ ಕವಾಟ ಕೆಟ್ಟು ಬಹಳ ವರ್ಷವಾಗಿದೆ, ಈಗ ಆಪರೇಷನ್ ತಡೆಯುವ ಶಕ್ತಿ ಇಲ್ಲ, ಮಾತ್ರೆಯಲ್ಲಿ ಎಷ್ಟು ದಿನ ನಡೆಯುತ್ತೋ ನಡೆಯಲಿ ಅಂದರು ಡಾಕ್ಟರು. ಚಿಕ್ಕವಳಿದ್ದಾಗ ಬಂದ ಜ್ವರದಿಂದ ಆದದ್ದಂತೆ. ಗಂಟಲು ನೋವು ಬಂದು, ಆಮೇಲೆ ಮಂಡಿ, ಮೊಣಕೈ ಬಾತು ಬರುವ ಜ್ವರ. ಆಮೇಲೆ ಆ ಡಾಕ್ಟರು ಇನ್ನೊಂದು ಮಾತು ಕೇಳಿದರು.

"ಮನೆಯಲ್ಲಿ ಮಕ್ಕಳಿಗೆ ಯಾರಿಗಾದರೂ ಆ ಥರ ಜ್ವರ ಬಂದಿತ್ತಾ?"

"ಇಲ್ಲ ಸಾರ್" ಅಂದ ಅಳಿಯ. "ಇಲ್ಲ" ಅಂದಳು ನನ್ನ ಮಗಳು. ನಾನೂ ತಲೆ ಅಲ್ಲಾಡಿಸಿದೆ.

ಹಿಂದಿನ ದಿನದಿಂದ ತುಟಿ ಬಿಚ್ಚದ ಬೀಗಿತ್ತಿ ಆಗ ಮಾತಾಡಿದಳು. "ಬಂದಿತ್ತು. ಬೇಸಿಗೆ ರಜದಾಗೆ ಹುಡುಗಿ ನನ್ನ ಹತ್ರ ಇದ್ದಾಗ. ಮಂಡಿ ಬಾತಿತ್ತು. ಕುಣಿದು ಕುಣಿದು ನೋಯಿಸ್ಕೊಂಡೈತೆ ಅಂತ ಬೆಳ್ಳುಳ್ಳಿ ಎಣ್ಣೆ ತಿಕ್ಕಿದೆ. ವಾಸಿ ಆಯ್ತು. ಇವ್ರಿಗೆ ಯಾರಿಗೂ ಹೇಳಿಲ್ಲ."

ನನ್ನ ಮಗಳು ಅತ್ತೆಯ ಮುಖ ನೋಡಿದಳು. ಬಯ್ಯುತ್ತಾಳೇನೋ ಅಂತ ನಾನು ಅವಳ ತೋಳು ಹಿಡಿದೆ. ಡಾಕ್ಟರು, "ಹುಡುಗಿಯನ್ನೂ ಸ್ಕ್ಯಾನಿಗೆ ಕಳಿಸಿ" ಅಂದರು.

ಆ ಬೆಂಚಿನ ಮೇಲೆ ಕಾದದ್ದನ್ನು ನಾನು ಮರೆಯುವುದಿಲ್ಲ. ಮೊಮ್ಮಗಳು ಒಳಗೆ. ಬಾಗಿಲು ಮುಚ್ಚಿದೆ. ಯಾರ್‍ಯಾರನ್ನೋ ಕರೆಯುತ್ತಾರೆ, ನಮ್ಮನ್ನು ಕರೆಯುತ್ತಿಲ್ಲ. ಬೀಗಿತ್ತಿ ಸರಿದು ನನ್ನ ಪಕ್ಕಕ್ಕೆ ಬಂದಳು. "ವದಿನಾ, ಅದಕ್ಕೂ ಹಿಂಗೇ ಆದ್ರೆ?" ಅಂದಳು. ಆಗಲ್ಲ ಅನ್ನುವ ಸುಳ್ಳು ನನ್ನ ಬಾಯಿಗೆ ಬರಲಿಲ್ಲ. "ನಂಗೊತ್ತಿಲ್ಲ, ಕೂತ್ಕೋ" ಅಂದೆ. ಕೂತಳು.

ಕವಾಟಕ್ಕೆ ಸ್ವಲ್ಪ ಪೆಟ್ಟು ಬಿದ್ದಿದೆ ಅಂದರು. ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು, ಆ ಜ್ವರ ಮತ್ತೆ ಬರಬಾರದು, ಬಂದರೆ ಇನ್ನೂ ಕೆಡುತ್ತದೆ. ಮೂರು ವಾರಕ್ಕೊಂದು ಇಂಜೆಕ್ಷನ್, ವರ್ಷಗಟ್ಟಲೆ, ಒಂದನ್ನೂ ತಪ್ಪಿಸಬಾರದು ಅಂದರು.

ಆಕೆಯನ್ನು ಮೊಳಕಾಲ್ಮೂರಿಗೆ ಬಿಡಲು ನಾನೇ ಹೋದೆ, ಸ್ವಲ್ಪ ದಿನ ಅಲ್ಲೇ ಉಳಿದೆ. ಬೋಳು ಉಗುರಿನಲ್ಲೇ ಬಾಗಿಲಲ್ಲಿ ಕೂತಳು. ಎದುರು ಮನೆಯಲ್ಲಿ ಹೊಸ ಹಾಸು ಬಂದಿತ್ತು. ಯಾರೂ ಕರೆಯಲಿಲ್ಲ. ಆಕೆ ಊಟ ಬಿಟ್ಟಳು. ನೋಡಿ ನೋಡಿ ಸಾಕಾಗಿ ನಾನೇ ಎದುರು ಮನೆಗೆ ಹೋದೆ.

"ರೋಗ ಇರೋದು ಆಕೆ ಎದೆಗೆ, ಬೆರಳಿಗಲ್ಲ. ಯಾಕೆ ಕರೀಲಿಲ್ಲ?"

ಆ ಮನೆಯವಳು ಗಾಬರಿಯಾದಳು. "ಅಯ್ಯೋ ಅಮ್ಮಾ, ಬ್ಯಾಡ ಅಂದೋರು ಯಾರು? ಕೂರೋಕೆ ಆಗುತ್ತೋ ಇಲ್ವೋ, ಕರೆದ್ರೆ ಇಲ್ಲ ಅನ್ನಲ್ಲ, ಸತ್ತುಗಿತ್ತು ಹೋದಾಳು ಅಂತ ಹೆದರಿದ್ವಿ."

ನಾನು ತಿರುಗಿ ನೋಡುವಷ್ಟರಲ್ಲಿ ಬೀಗಿತ್ತಿ ಬೂದಿಯ ಬಟ್ಟಲು ಹಿಡಿದು ಅವರ ಹೊಸ್ತಿಲಲ್ಲಿದ್ದಳು. ಅವತ್ತು ಒಂದು ಹಿಡಿಯಷ್ಟು ಎಳೆ ಕೆಚ್ಚಿರಬಹುದು, ಅಷ್ಟೇ. ಉಳಿದದ್ದನ್ನು ಆ ಮನೆಯವಳು ಮುಗಿಸಿದಳು. ಆಮೇಲೂ ಕರೆಯುತ್ತಿದ್ದರು. ಒಂದೊಂದು ದಿನ ಸುಮ್ಮನೆ ಕೂರಿಸಿ ಮಾತಾಡಿಸಿ ಕಳಿಸುತ್ತಿದ್ದರು. ಹೋಗಿ ಬರುತ್ತಿದ್ದಳು.

ಚಳ್ಳಕೆರೆಗೆ ಮತ್ತೆ ಬರಲಾಗಲಿಲ್ಲ. ಫೋನ್ ಮಾಡುವಳು. ಊಟ ಆಯ್ತಾ, ಹೇಗಿದ್ದೀಯ, ಒಂದೂ ಇಲ್ಲ, ಎತ್ತಿದ ಕೂಡಲೇ "ಸೂಜಿ ಆಯ್ತಾ?" ಆಯ್ತು ಅಂದರೆ ಇಟ್ಟುಬಿಡುವಳು. ಆಗದಿದ್ದರೆ ನನ್ನ ಮನೆತನವನ್ನೆಲ್ಲ ತೆಲುಗಿನಲ್ಲಿ ಬಯ್ಯುವಳು.

ಮುಂದಿನ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ, ಗೋಡೆಗೊರಗಿ ಕೂತಲ್ಲೇ ಹೋದಳು. ನಾವು ಹೋಗುವಷ್ಟರಲ್ಲಿ ಓಣಿಯ ಹೆಂಗಸರೇ ಮೈ ತೊಳೆದು ಸೀರೆ ಉಡಿಸಿದ್ದರು.

ನಾನು ಯಾರಿಗೂ ಸುಲಭಕ್ಕೆ ಋಣ ಒಪ್ಪಿಕೊಳ್ಳುವವಳಲ್ಲ. ಆದರೆ ಅವತ್ತು ಡಾಕ್ಟರ ಮುಂದೆ ಆಕೆ ಬಾಯಿ ಬಿಡದಿದ್ದರೆ ನನ್ನ ಮೊಮ್ಮಗಳ ಎದೆಯೊಳಗೆ ಏನಾಗುತ್ತಿದೆ ಅಂತ ನಮಗೆ ಗೊತ್ತೇ ಆಗುತ್ತಿರಲಿಲ್ಲ. ನಾನು ಆಕೆಯ ಗುಟ್ಟು ಬಯಲು ಮಾಡಿದ್ದೆ, ನನ್ನ ಮೇಲಿನ ಸಿಟ್ಟಿಗೆ ಸುಮ್ಮನಿದ್ದುಬಿಡಬಹುದಿತ್ತು. ಮಗ ಸೊಸೆ ಬಯ್ಯುತ್ತಾರೆ ಅಂತಲೂ ಸುಮ್ಮನಿರಬಹುದಿತ್ತು. ಇರಲಿಲ್ಲ.

ಮೊನ್ನೆ ಮತ್ತೆ ಸ್ಕ್ಯಾನ್ ಆಯಿತು. ಪೆಟ್ಟು ಹೆಚ್ಚಾಗಿಲ್ಲ, ಆವಾಗ ಎಷ್ಟಿತ್ತೋ ಅಷ್ಟೇ ಇದೆ ಅಂದರು. ಹೆಚ್ಚಾಗಿಲ್ಲ ಅಂದಮಾತ್ರಕ್ಕೆ ನನಗೆ ಧೈರ್ಯ ಬರುವುದಿಲ್ಲ. ಹುಡುಗಿ ಗಂಟಲು ಸರಿಮಾಡಿಕೊಂಡರೂ ಎದ್ದು ಹೋಗಿ ಹಣೆ ಮುಟ್ಟುತ್ತೇನೆ. ನಾಳೆ ಇಂಜೆಕ್ಷನ್ ದಿನ. ಶಾಲೆಯಲ್ಲಿ ಆಟದ ಪಂದ್ಯ ಇದೆ, ಸೂಜಿ ಚುಚ್ಚಿದ ಕಡೆ ನೋಯುತ್ತದೆ, ನಾಡಿದ್ದು ಹೋಗೋಣ ಅಂತ ಇವತ್ತು ಬೆಳಿಗ್ಗೆಯಿಂದ ಮುಖ ಊದಿಸಿಕೊಂಡು ಕೂತಿದ್ದಾಳೆ. ನಾಳೆಯೇ ಹೋಗೋದು ಅಂದಿದ್ದೇನೆ.